ಅಜ್ಜಿಯ ಕೌದಿ, ಗಿರವಿ ಚೀಟಿ, ಅಪ್ಪನ ಎಕ್ಸ್‌ರೇ ಸೇರಿಸಿ ಕೃತಿ ಮಾಡುತ್ತಿದ್ದೇನೆ, ಅಮ್ಮ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಝೆರಾಕ್ಸ್_ಅಂಗಡಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ ಹೇಳಿ.

ಮಂಡಿಪೇಟೆ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಚಿತ್ರ ಮಾಡುತ್ತೇನೆ. ಮೊದಲು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಳಿಯುತ್ತಿದ್ದೆ. ಈಗ ಬಟ್ಟೆ, ಕಾಗದ, ದಾರ, ಗೋಣಿಚೀಲ ಎಲ್ಲ ಸೇರಿಸಿ ಮಾಡುವುದೇ ಜಾಸ್ತಿ, ಮಿಕ್ಸೆಡ್ ಮೀಡಿಯಾ ಅನ್ನುತ್ತಾರಲ್ಲ, ಅದು. ನಾವು ಕೆಲವು ಗೆಳತಿಯರು ಸೇರಿ ಊರಲ್ಲೇ ಒಂದು ಪ್ರದರ್ಶನ ಇಡೋಣ ಅಂದುಕೊಂಡಿದ್ದೇವೆ. ನನ್ನ ಪಾಲಿಗೆ ಒಂದೇ ದೊಡ್ಡ ಕೆಲಸ. ಅದು ನಮ್ಮ ಮನೆಯ ಬಗ್ಗೆ.

ಅಪ್ಪನ ಊರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮೀಸೆ ಮೂಡುವ ಮೊದಲೇ ದಾವಣಗೆರೆಗೆ ಬಂದು ಹತ್ತಿ ಗಿರಣಿ ಸೇರಿದರು. ಆಗ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಅಪ್ಪನದ್ದೂ ಹಾಕಿತು. ಮುಂದೆ ಎಪಿಎಂಸಿಯಲ್ಲಿ ಹಮಾಲಿ, ಅದಾದ ಮೇಲೆ ಬಾಡಿಗೆ ಆಟೋ. ಅಮ್ಮ ಸೀರೆಗೆ ಫಾಲ್ ಹೊಲಿದು, ಕುಚ್ಚು ಕಟ್ಟಿ ನಮ್ಮನ್ನು ಓದಿಸಿದರು. ನಿಟುವಳ್ಳಿ, ಕೆ.ಟಿ.ಜೆ. ನಗರ, ಆಜಾದ್ ನಗರ ಅಂತ ಬಾಡಿಗೆ ಮನೆ ಬದಲಿಸುತ್ತಲೇ ಬಂದಿದ್ದೇವೆ. ಈಗ ಅಪ್ಪನಿಗೆ ಉಸಿರಾಟದ ತೊಂದರೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ಕೃತಿ ಹೀಗಿದೆ. ತಳಕ್ಕೆ ಅಜ್ಜಿ ಹೊಲಿದ ಕೌದಿ. ಅದರ ಮೇಲೆ ಅಪ್ಪನ ಖಾಕಿ ಅಂಗಿಯ ಜೇಬು, ಗಿರಣಿಯ ಹಾಜರಿ ಚೀಟಿ, ಮಂಡಕ್ಕಿ ಚೀಲದ ತುಂಡು, ಅಮ್ಮ ಉಳಿಸಿಟ್ಟ ಕುಚ್ಚಿನ ರೇಷ್ಮೆ ದಾರ, ನಡುವೆ ಅಪ್ಪನ ಎದೆಯ ಎಕ್ಸ್‌ರೇ. ಬಲಗಡೆ ಪೂರ್ತಿ ಗಿರವಿ ಚೀಟಿಗಳು. ಅಮ್ಮ ಬಂಗಾರ ಅಡ ಇಟ್ಟಾಗ ಕೊಟ್ಟವು, ಒಂದು ಬಿಸ್ಕತ್ ಡಬ್ಬಿ ತುಂಬ ಇದ್ದವು.

ಎಡಗಡೆ ವಿಳಾಸಗಳ ಕಾಗದ. ಇದು ನನಗೆ ತುಂಬ ಇಷ್ಟದ ಭಾಗ. ನಮ್ಮ ಹಳ್ಳಿ ಇದ್ದಲ್ಲೇ ಇದೆ, ಒಂದು ಮಾರು ಆಚೆ ಸರಿದಿಲ್ಲ. ಆದರೆ ಮುತ್ತಜ್ಜನ ಕಾಲದ ಪತ್ರದಲ್ಲಿ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಮೈಸೂರಿಗೆ ಸೇರಿತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ಇಲ್ಲಿಗೆ ಬಂತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. 2021ರಿಂದ ವಿಜಯನಗರ ಜಿಲ್ಲೆ. ಅಪ್ಪನ ಶಾಲೆಯ ಟಿ.ಸಿ., ಅಣ್ಣನ ಜಾತಿ ಪ್ರಮಾಣಪತ್ರ, ಹೊಲದ ಪಹಣಿ, ಈಚಿನ ಆಧಾರ್ ತಿದ್ದುಪಡಿ ಅರ್ಜಿ, ಒಂದೊಂದರಲ್ಲಿ ಒಂದೊಂದು ಜಿಲ್ಲೆ. ಅಂಗಡಿಗೆ ಬರುವ ಆ ಕಡೆಯ ಜನರೆಲ್ಲ ಇದೇ ಗೋಳು ಹೇಳಿಕೊಳ್ಳುತ್ತಾರೆ. "ಯಾವ ಜಿಲ್ಲೆ ಬರೀಬೇಕ್ರಿ ಈಗ?" ಅಂತ ನನ್ನನ್ನೇ ಕೇಳುತ್ತಾರೆ. ನಾವು ಎಲ್ಲಿಯವರು ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗಂತೂ ಸಿಕ್ಕಿಲ್ಲ.

ಈಗ ತಕರಾರು. ಅಮ್ಮ ಗಿರವಿ ಚೀಟಿ ನೋಡಿದ ಕೂಡಲೇ "ಇದನ್ನ ಗೋಡೆಗೆ ಹಾಕ್ತೀಯಾ? ಬೇಡವೇ ಬೇಡ" ಅಂದರು. ಕಾರಣ ಕೇಳಿದರೆ ಹೇಳುವುದಿಲ್ಲ, ಎದ್ದು ಹೋಗುತ್ತಾರೆ. ಅಪ್ಪನದ್ದೇನೂ ಅಡ್ಡಿಯಿಲ್ಲ, ಎಕ್ಸ್‌ರೇ ಬೇಕಾದರೆ ಹಾಕಿಕೋ ಅಂದರು. ದೊಡ್ಡಮ್ಮನಿಗೆ ಕೌದಿ ಕತ್ತರಿಸುತ್ತೇನೆ ಅನ್ನುವುದೇ ಸಿಟ್ಟು. ನಮಗೆ ಸಿಕ್ಕಿರುವ ಗೋಡೆಗೆ ಅದು ಉದ್ದ ಜಾಸ್ತಿ, ಕತ್ತರಿಸದೆ ದಾರಿಯಿಲ್ಲ. ಇದರ ಮೇಲೆ ಪರಿಚಯದ ಹಿರಿಯ ಕಲಾವಿದರೊಬ್ಬರು ಬಂದು ನೋಡಿ, "ಇದು ನೋಡಿದವರ ಹತ್ತಿರ ಕರುಣೆ ಕೇಳುವ ಹಾಗಿದೆ" ಅಂದು ಚಹಾ ಕುಡಿದು ಹೋದರು. ಆ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಮನೆಯ ಕಷ್ಟವನ್ನು ತೋರಿಸಬೇಕು, ಮನೆಯವರ ಮರ್ಯಾದೆ ಹರಾಜಾಗಬಾರದು. ಇದು ಆಗುವ ಮಾತೇ? ಜೊತೆಗೆ, ಇಷ್ಟು ಬಗೆಯ ವಸ್ತು ಕೌದಿಗೆ ಅಂಟಿಸುವುದೋ ಹೊಲಿಯುವುದೋ ಅದನ್ನೂ ಹೇಳಿ.

ದುರ್ಗದ_ಡ್ರಾಯಿಂಗ್_ಮೇಷ್ಟ್ರು (ಚಿತ್ರದುರ್ಗ)

ತಂಗೀ, ವಿಳಾಸದ ಕಾಗದಗಳ ಭಾಗ ಓದಿ ಖುಷಿಯಾಯಿತು. ಮೊದಲಿಗೆ ಆ "ಕರುಣೆ" ಮಾತಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ.

ನೀನು ಪಟ್ಟಿ ಮಾಡಿದ್ದನ್ನೇ ಮತ್ತೆ ಓದಿ ನೋಡು. ಮುಚ್ಚಿದ ಗಿರಣಿ, ಹಾಳಾದ ಶ್ವಾಸಕೋಶ, ಅಡ ಇಟ್ಟ ಬಂಗಾರ, ಬಾಡಿಗೆ ಮನೆ. ನಾಲ್ಕೂ ಒಂದೇ ಸಲಕ್ಕೆ ಅಳುತ್ತಿವೆ. ನೋಡುವವನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ, "ಅಯ್ಯೋ ಪಾಪ" ಅಂದು ಮುಂದಿನ ಚಿತ್ರಕ್ಕೆ ಹೋಗುತ್ತಾನೆ. ವಿಳಾಸದ ಕಾಗದ ಹಾಗಲ್ಲ. ಅದನ್ನು ನೋಡಿ ಮೊದಲು ನಗು ಬರುತ್ತದೆ, ಆಮೇಲೆ ಕಸಿವಿಸಿ ಆಗುತ್ತದೆ. ಅಂಥದ್ದು ಬೇಕು.

ನಮ್ಮ ಪಕ್ಕದ ಭದ್ರಾವತಿಯಲ್ಲೇ 1957ರಲ್ಲಿ ಹುಟ್ಟಿದವರು ಕಲಾವಿದೆ ಶೀಲಾ ಗೌಡ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ ಅಂತ ಓದಿದವರು. 1990ರ ದಶಕದಲ್ಲಿ ಬಣ್ಣ ಬಿಟ್ಟು ಸೆಗಣಿ ಹಿಡಿದರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗೆ ಪೋಣಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಒಟ್ಟು ಸೇರಿಸಿ, ಕೋಣೆ ತುಂಬ ಹರಿದಾಡುವ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ನೇತಾಡುತ್ತದೆ. ಹೆಂಗಸರ ಕೆಲಸ, ನೋವು, ರಕ್ತಸಂಬಂಧ ಎಲ್ಲ ಅಲ್ಲಿದೆ. ಒಬ್ಬ ಹೆಂಗಸಿನ ಫೋಟೋ ಇಲ್ಲ, ಒಂದು ಸಾಲು ಬರಹ ಇಲ್ಲ. 2009ರಲ್ಲಿ ವೆನಿಸ್‌ನಲ್ಲಿ ತೋರಿಸಿದ ಇನ್ನೊಂದರಲ್ಲಿ ಕಾರಿನ ಬಂಪರ್‌ಗಳನ್ನು ಕೂದಲಿನ ಹಗ್ಗದಿಂದ ಕಟ್ಟಿ ತೂಗುಹಾಕಿದ್ದರು. ದೃಷ್ಟಿ ಆಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಕೂದಲಿನ ಹಗ್ಗ. ನಿಮ್ಮ ಎಪಿಎಂಸಿ ಮುಂದೆ ನಿಂತ ಲಾರಿಗಳಲ್ಲಿ ದಿನಾ ನೋಡುವುದೇ. ಲೋಹದ ಬಂಪರ್ ಗಟ್ಟಿ, ಕೂದಲು ಮೆತ್ತಗೆ. ಭಯ ಮಾತ್ರ ಕೂದಲಿನಲ್ಲಿದೆ. ವಸ್ತುವೇ ಮಾತಾಡುತ್ತಿರುವಾಗ ನಾವು ಪಕ್ಕದಲ್ಲಿ ನಿಂತು ವಿವರಿಸಬಾರದು.

ಹಾಗಾಗಿ ನನ್ನ ಸಲಹೆ, ಅರ್ಧ ತೆಗೆದುಬಿಡು. ಹಾಜರಿ ಚೀಟಿ, ಖಾಕಿ ಜೇಬು ಇದ್ದರೆ ಸಾಕು, ಉಳಿದ ಗಿರಣಿ ಕಥೆ ಬೇಡ. ಕೃತಿಯ ಪಕ್ಕ "ನನ್ನ ತಂದೆ ಒಬ್ಬ ಬಡ ಕಾರ್ಮಿಕ" ಅಂತ ಶುರುವಾಗುವ ಫಲಕ ಬೇಡವೇ ಬೇಡ.

ಕೌದಿ ಕತ್ತರಿಸುವುದಕ್ಕೆ ನನ್ನದೂ ವಿರೋಧ ಇದೆ, ದೊಡ್ಡಮ್ಮನಿಗೆ ಹೇಳು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿಯ ಮೂಲೆಮೂಲೆಗೆ ಬಟ್ಟೆ ಮಡಚಿ ಮೂರು ಮೂಲೆಯ ತುಂಡು ಹೊಲಿಯುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಅದು ಇಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ನಿಮ್ಮ ಅಜ್ಜಿಯೂ ಮೂಲೆ ಮುಗಿಸಲು ಏನೋ ಒಂದು ಮಾಡಿರುತ್ತಾರೆ, ಹುಡುಕಿ ನೋಡು. ಕತ್ತರಿ ಹಾಕಿದರೆ ಮೊದಲು ಹೋಗುವುದು ಅದೇ.

ನೇರ_ಮಾತು (ದಾವಣಗೆರೆ)

ಮೇಷ್ಟ್ರೇ, ನಿಮ್ಮದು ಜಾಸ್ತಿ ನಾಜೂಕಾಯಿತು. ಶ್ರೀಮಂತರ ಮನೆಯ ಬೆಳ್ಳಿ ತಟ್ಟೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಪರಂಪರೆ, ನಮ್ಮ ಮನೆಯ ಗಿರವಿ ಚೀಟಿ ಗೋಡೆಗೆ ಹಾಕಿದರೆ ಕರುಣೆ ಕೇಳಿದ ಹಾಗಾ?

ಅಕ್ಕಾ, ಹಾಕಿ. ಈ ಊರಲ್ಲಿ ಗಿರವಿ ಅಂಗಡಿ ಮೆಟ್ಟಿಲು ಹತ್ತದ ಮನೆ ಎಷ್ಟಿದೆ ಹೇಳಿ. ಶಾಲೆ ಶುರುವಾಗುವ ಜೂನ್‌ನಲ್ಲಿ ಚೌಕಿಪೇಟೆ ಕಡೆ ಹೋಗಿ ನಿಂತುಕೊಳ್ಳಿ, ಯಾರ್ಯಾರು ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋಗುತ್ತಾರೆ ಅಂತ ಕಾಣುತ್ತದೆ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಅದನ್ನು ಹೇಳುವುದೇ ಕಲೆಯ ಕೆಲಸ ಅಲ್ವಾ? ಅಮ್ಮಂದಿರು ಹೂಂ ಅಂದ ಮೇಲೆಯೇ ಮಾಡೋಣ ಅಂತ ಕೂತರೆ ಹೂಕುಂಡ, ಸೂರ್ಯಾಸ್ತ ಬಿಟ್ಟು ಬೇರೇನೂ ಬರೆಯಕ್ಕಾಗಲ್ಲ. ಮೊದಲು ಬೈತಾರೆ, ಪೇಪರ್‌ನಲ್ಲಿ ಫೋಟೋ ಬಂದ ದಿನ ಅವರೇ ಕತ್ತರಿಸಿ ಇಟ್ಟುಕೊಳ್ತಾರೆ.

ಫ್ರೇಮ್_ಕಟ್ಟುವವ (ಹರಿಹರ)

ಕಲೆಯ ಜಗಳ ನೀವು ನೋಡಿಕೊಳ್ಳಿ. ನಾನು ಫ್ರೇಮ್ ಅಂಗಡಿಯವನು, ಅಂಟಿಸಿದ್ದು ಕಿತ್ತು ಬಂದ ಮೇಲೆ ಜನ ನನ್ನ ಹತ್ತಿರ ತರುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಬಟ್ಟೆಗೆ ಫೆವಿಕಾಲ್ ಮುಟ್ಟಿಸಬೇಡಿ. ಒಣಗಿ ಹಲಗೆಯಂತಾಗುತ್ತದೆ, ಮಡಚಿದರೆ ಬಿರಿಯುತ್ತದೆ, ವರ್ಷ ಕಳೆದಂತೆ ಹಳದಿ ಬರುತ್ತದೆ, ಮತ್ತೆ ತೆಗೆಯೋಕೂ ಆಗಲ್ಲ. ಮೈದಾ ಗಂಜಿ, ಹುಣಸೆ ಬೀಜದ ಗಂಜಿ ಒಳ್ಳೆಯದು ಅಂತ ಯಾರಾದರೂ ಹೇಳಬಹುದು. ಚಳ್ಳಕೆರೆ ಕಂಬಳಿಗೆ ಹುಣಸೆ ಬೀಜದ ಗಂಜಿಯನ್ನೇ ಹಾಕುವುದು, ನಿಜ. ಆದರೆ ಕಂಬಳಿಯನ್ನು ದಿನಾ ಝಾಡಿಸುತ್ತಾರೆ, ಬಿಸಿಲಿಗೆ ಹಾಕುತ್ತಾರೆ. ಗೋಡೆಗೆ ತೂಗುಹಾಕಿ ಮರೆತ ಗಂಜಿಗೆ ಬೆಳ್ಳಿಹುಳ, ಜಿರಲೆ ಎರಡೂ ಬರುತ್ತವೆ. ಹೊಲಿಗೆಯೇ ಸರಿ. ಬೇಡ ಅನಿಸಿದಾಗ ಬಿಚ್ಚಬಹುದು.

ಕೌದಿ ಉಳಿಸಲು ಹೀಗೆ ಮಾಡಿ. ಎಲ್ಲ ವಸ್ತುಗಳನ್ನು ಮೊದಲು ಒಂದು ಕೋರಾ ಬಟ್ಟೆಯ ಮೇಲೆ ಹೊಲಿಯಿರಿ. ಕೋರಾ ಬಟ್ಟೆಯನ್ನು ಒಂದು ಸಲ ನೀರಿಗೆ ಹಾಕಿ ಒಣಗಿಸಿರಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಆ ಬಟ್ಟೆಯನ್ನು ಕೌದಿಗೆ ದೂರದೂರ ಹೊಲಿಗೆಯಲ್ಲಿ ಹಿಡಿಸಿ. ಪ್ರದರ್ಶನ ಮುಗಿದ ಮೇಲೆ ಬಿಚ್ಚಿದರೆ ಕೌದಿ ಮೊದಲಿದ್ದ ಹಾಗೇ ದೊಡ್ಡಮ್ಮನ ಕೈಗೆ. ಉದ್ದ ಜಾಸ್ತಿ ಆದರೆ ಮೇಲಿನ ಭಾಗ ಹಿಂದಕ್ಕೆ ಮಡಚಿ. ಮೂಲೆಗೆ ಮೊಳೆ ಹೊಡೆದು ನೇತುಹಾಕಬೇಡಿ, ಕೌದಿಯ ಭಾರಕ್ಕೆ ಹಳೇ ಬಟ್ಟೆ ಅಲ್ಲೇ ಹರಿಯುತ್ತದೆ. ಹಿಂದುಗಡೆ ಮೇಲಂಚಿಗೆ ಅಗಲವಾದ ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ, ಭಾರ ಉದ್ದಕ್ಕೂ ಹಂಚಿಹೋಗುತ್ತದೆ.

ಎಕ್ಸ್‌ರೇ ಹಾಳೆ ಕೈಯಲ್ಲಿ ಹರಿಯುವುದಿಲ್ಲ, ಆದರೆ ಮೆಷಿನ್‌ನಲ್ಲಿ ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ಬಿಟ್ಟುಕೊಳ್ಳುತ್ತದೆ. ದಬ್ಬಳದಿಂದ ದೂರದೂರ ತೂತು ಮಾಡಿ, ದಾರ ಬಿಗಿ ಎಳೆಯದೆ ಕಟ್ಟಿ. ಕುಚ್ಚಿನ ದಾರ ಬಣ್ಣ ಬಿಡುತ್ತದೋ ಅಂತ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಕಬ್ಬಿಣದ ಗುಂಡುಪಿನ್ನು ಬೇಡ, ಒಂದು ಮಳೆಗಾಲಕ್ಕೆ ತುಕ್ಕಿನ ಕಲೆ ಬರುತ್ತದೆ. ಮಂಡಕ್ಕಿ ಚೀಲದ ಸಂದಿಯಲ್ಲಿ ಹುಳದ ಮೊಟ್ಟೆ ಇರುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಫ್ರೀಝರ್‌ನಲ್ಲಿ ಎರಡು ವಾರ ಇಡಿ, ಮನೆಯಲ್ಲಿ ಬೈದರೆ ಐಸ್‌ಕ್ರೀಂ ಅಂಗಡಿಯವರನ್ನು ಕೇಳಿ.

ಮೂಲ ಕಾಗದಗಳಿಗೆ ಸೂಜಿ ಹಾಕಬೇಡಿ ಅಂತ ನಿಮಗೆ ನಾನು ಹೇಳಬೇಕಾ? ಝೆರಾಕ್ಸ್ ಮಷೀನೇ ನಿಮ್ಮದು. ಟೋನರ್ ಪ್ರತಿ ತುಂಬ ಕಾಲ ಉಳಿಯುತ್ತದೆ. ಇಂಕ್‌ಜೆಟ್ ಪ್ರಿಂಟ್ ಮಾತ್ರ ಬೇಡ, ತೇವಕ್ಕೆ ಇಂಗುತ್ತದೆ. ಪಹಣಿ, ಟಿ.ಸಿ. ಮೂಲ ಪ್ರತಿ ಬೀರುವಿನಲ್ಲಿರಲಿ. ಆಧಾರ್ ಅರ್ಜಿಯ ನಂಬರ್ ಮೇಲೆ ಏನಾದರೂ ಹೊಲಿದು ಮುಚ್ಚಿ.

ಹಳೇ_ಸ್ಪಿನ್ನಿಂಗ್ (ದಾವಣಗೆರೆ)

ನಾನೂ ಗಿರಣಿಯಲ್ಲಿ ದುಡಿದವನು ಮಗಾ, ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ಹತ್ತಿ ಬೇಲ್ ಬಿಚ್ಚುವ ಬ್ಲೋ ರೂಮ್, ಹತ್ತಿ ಹಿಂಜುವ ಕಾರ್ಡಿಂಗ್, ಅಲ್ಲೆಲ್ಲ ಧೂಳು ಹೇಗಿರುತ್ತಿತ್ತೆಂದರೆ ಪಾಳಿ ಮುಗಿಸಿ ಹೊರಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಹೆಂಡತಿ ಬಾಗಿಲಲ್ಲೇ ಟವೆಲ್ ಕೊಡುತ್ತಿದ್ದಳು. ವಾರದ ರಜೆ ಮುಗಿಸಿ ಹೋದ ಮೊದಲ ದಿನ ಎದೆ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಎರಡು ಮೂರು ದಿನಕ್ಕೆ ಸಡಿಲ ಆಗುತ್ತಿತ್ತು. ರಜೆಯಲ್ಲಿ ಸೋಮಾರಿ ಆಗಿದ್ದೀಯಾ ಅಂತ ಜಾಬರ್, ಅಂದರೆ ನಮ್ಮ ಮೇಲಿನ ಮೇಸ್ತ್ರಿ, ಬೈಯುತ್ತಿದ್ದ. ಅದು ಹತ್ತಿ ಧೂಳಿನ ಕಾಯಿಲೆ, ಬಿಸ್ಸಿನೋಸಿಸ್ ಅನ್ನುತ್ತಾರೆ, ಶುರುವಿನಲ್ಲಿ ಹೀಗೇ ರಜೆ ಮರುದಿನ ಕಾಣಿಸುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ಬೀಡಿ ಸೇದುವವರಿಗೆ ಇನ್ನೂ ಜಾಸ್ತಿ. ನಿಮ್ಮಪ್ಪನ ಕಾಯಿಲೆ ಇದೇ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ ಹತ್ತಿರ ಹೋದಾಗ ಎಷ್ಟು ವರ್ಷ, ಯಾವ ಖಾತೆಯಲ್ಲಿ ದುಡಿದರು ಅಂತ ಬಾಯಿಬಿಟ್ಟು ಹೇಳಿ. ಆಟೋ ಡ್ರೈವರ್ ಅಂತ ಬರೆಸಿ ಸುಮ್ನಾಗಬೇಡಿ.

ನಿನ್ನ ಕೃತಿಗೆ ಹತ್ತಿಯೇ ಇಲ್ಲವಲ್ಲ ಮಗಾ? ಹಾಜರಿ ಚೀಟಿ ಆಫೀಸಿನದ್ದು. ನಮ್ಮ ಮೈಮೇಲೆ ಇದ್ದದ್ದು ಹತ್ತಿ. ಎಕ್ಸ್‌ರೇ ಹಿಂದೆ ಒಂದು ಹಿಡಿ ಹಿಂಜಿದ ಹತ್ತಿ ಇಟ್ಟು ನೋಡು.

ಜಗಳೂರು_ಅತ್ತೆ

ಎಲ್ಲರ ಮಾತೂ ಓದಿದೆ. ಮೇಷ್ಟ್ರು ಕಲೆ ಹೇಳಿದರು, ಫ್ರೇಮಿನವರು ಹೊಲಿಗೆ ಹೇಳಿದರು, ಆ ನೇರ ಮಾತಿನ ತಮ್ಮ ಭಾಷಣ ಮಾಡಿದ. ಅಮ್ಮ ಯಾಕೆ ಬೇಡ ಅಂದಳು ಅಂತ ಯಾರೂ ಯೋಚನೆ ಮಾಡಲಿಲ್ಲ.

ಅವ್ವಾ, ಗಿರವಿ ಇಡುವುದರಲ್ಲಿ ನಾಚಿಕೆ ಏನಿಲ್ಲ, ಆ ತಮ್ಮ ಹೇಳಿದ್ದು ಸರಿಯೇ. ಆದರೆ ಆ ಚೀಟಿಯಲ್ಲಿ ಏನು ಬರೆದಿರುತ್ತದೆ ನೋಡಿದ್ದೀಯಾ? ಒಡವೆಯ ಹೆಸರು, ತೂಕ, ತಾರೀಕು. ಅಮ್ಮನ ಬಂಗಾರ ಅಂದರೆ ತವರಿನ ಬಂಗಾರ. ಅದು ವಾಪಸ್ ಬಂತೋ ಇಲ್ಲವೋ ನಿನಗೆ ಗೊತ್ತಾ? ಬಂದಿಲ್ಲ ಅಂದರೆ ಅವಳ ಅಣ್ಣತಮ್ಮಂದಿರಿಗೆ ಆ ವಿಷಯ ಹೇಳಿದ್ದಾಳೋ ಇಲ್ಲವೋ, ಅದು ಗೊತ್ತಾ? ನಿನ್ನ ಪ್ರದರ್ಶನಕ್ಕೆ ಮಾವಂದಿರು ಬರದೇ ಇರುತ್ತಾರಾ? ಸೋದರ ಸೊಸೆ ಚಿತ್ರ ಇಟ್ಟಿದ್ದಾಳೆ ಅಂತ ಮೊದಲು ಬರುವವರೇ ಅವರು, ಮೊದಲು ಕಣ್ಣಿಗೆ ಬೀಳುವುದೂ "ಎರಡೆಳೆ ಸರ, ಇಷ್ಟು ಗ್ರಾಂ" ಅನ್ನುವುದೇ. ನನ್ನ ಮಾತು ತಪ್ಪಿರಬಹುದು. ನಾನು ಕಂಡ ಹೆಂಗಸರಲ್ಲಿ ಊರಿಗೆ ಹೆದರುವವರು ಕಡಿಮೆ, ತವರಿಗೆ ಮುಖ ತೋರಿಸುವುದು ಹೇಗೆ ಅಂತ ಹೆದರುವವರೇ ಜಾಸ್ತಿ.

ಅಪ್ಪ ಎಕ್ಸ್‌ರೇ ಹಾಕು ಅಂದರು ಅಂದೆಯಲ್ಲ, ಅದು ಅವರ ಎದೆ, ಅವರು ಹೇಳಬಹುದು. ಚೀಟಿ ಅಮ್ಮನದ್ದು. ಕೃತಿ ನಿನ್ನದು ಅಂತ ಅದೂ ನಿನ್ನದಾಗುವುದಿಲ್ಲ. ಎಲ್ಲರ ಎದುರು ಕೇಳಬೇಡ, ಇಬ್ಬರೇ ಕೂತು ಕುಚ್ಚು ಕಟ್ಟುವಾಗ ಕೇಳು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಬಿಡುತ್ತದೆ.

ನೇರ_ಮಾತು (ದಾವಣಗೆರೆ)

ಅತ್ತೇ, ತವರಿನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೂ ಕೇಳುತ್ತೇನೆ, ಹೀಗೆ ಒಬ್ಬೊಬ್ಬರ ಅಪ್ಪಣೆ ತೆಗೆದುಕೊಂಡು ಮಾಡಿದ ದೊಡ್ಡ ಕೃತಿ ಒಂದಾದರೂ ಇದೆಯಾ?

ದುರ್ಗದ_ಡ್ರಾಯಿಂಗ್_ಮೇಷ್ಟ್ರು (ಚಿತ್ರದುರ್ಗ)

ಇದೆ. ಬೀಜಿಂಗ್‌ನ ಸಾಂಗ್ ಡಾಂಗ್ ಅನ್ನುವ ಕಲಾವಿದ. 2002ರಲ್ಲಿ ಅಪ್ಪ ತೀರಿಕೊಂಡರು. ಅಮ್ಮನಿಗೆ ಮೊದಲಿಂದಲೂ ಏನನ್ನೂ ಎಸೆಯದ ಅಭ್ಯಾಸ. ಬಡತನ, ರೇಷನ್ ಕಾಲ ಕಂಡವರು, ಸೋಪು ಸಿಗದ ದಿನ ಬಂದೀತು ಅಂತ ಸೋಪು ಕೂಡಿಡುತ್ತಿದ್ದರು. ಗಂಡ ಹೋದ ಮೇಲೆ ಅದು ವಿಪರೀತವಾಯಿತು, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಗ ಸ್ವಚ್ಛ ಮಾಡಲು ಹೋದರೆ ಜಗಳ. ಕೊನೆಗೆ 2005ರಲ್ಲಿ ಅಮ್ಮನನ್ನೇ ಜೊತೆಗೆ ಸೇರಿಸಿಕೊಂಡು ಆ ಎಲ್ಲ ಸಾಮಾನನ್ನೂ ಪ್ರದರ್ಶನಕ್ಕೆ ಇಟ್ಟರು. ಖಾಲಿ ಟೂತ್‌ಪೇಸ್ಟ್ ಟ್ಯೂಬು, ಬಾಟಲಿ ಮುಚ್ಚಳ, ಹಳೇ ಚಪ್ಪಲಿ, ಬಟ್ಟೆ ತುಂಡು, ಹತ್ತು ಸಾವಿರಕ್ಕೂ ಹೆಚ್ಚು ವಸ್ತು, ಜೊತೆಗೆ ಹಳೇ ಮನೆಯ ಮರದ ಚೌಕಟ್ಟು. ಅಮ್ಮ ತಾವೇ ನಿಂತು ವಿಂಗಡಿಸಿದರು, ಜೋಡಿಸಿದರು, ಬಂದವರ ಹತ್ತಿರ ಮಾತಾಡಿದರು. 2009ರಲ್ಲಿ ಅದು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಹೋಯಿತು. ಅಮ್ಮ ಆ ವರ್ಷವೇ ತೀರಿಕೊಂಡರು.

ಅಲ್ಲಿ ಅಮ್ಮ ಅಪ್ಪಣೆ ಕೊಟ್ಟು ಪಕ್ಕಕ್ಕೆ ಸರಿಯಲಿಲ್ಲ, ಕೆಲಸ ಮಾಡಿದರು. ಝೆರಾಕ್ಸ್ ತಂಗಿಯ ಅಮ್ಮನೂ ಸೂಜಿ ಹಿಡಿದೇ ಜೀವನ ಮಾಡಿದವರು. ಅವರಿಗೆ ಅಂಗಡಿ ಮುಚ್ಚಿದ ಮೇಲೆ ಹೊಲಿಯುವ ಮಗಳಿಗಿಂತ ಹತ್ತು ಪಟ್ಟು ಚೆನ್ನಾಗಿ ಹೊಲಿಯಲು ಬರುತ್ತದೆ ಅಂತ ನನ್ನ ಅಂದಾಜು.

ಇನ್ನೊಂದು ಉದಾಹರಣೆ, ಕಲಾವಿದೆ ಲೂಯಿಸ್ ಬೂರ್ಜ್ವಾ. 1911ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಅಪ್ಪ ಅಮ್ಮನದ್ದು ಹಳೇ ಚಿತ್ರನೇಯ್ಗೆಯ ಪರದೆಗಳನ್ನು ರಿಪೇರಿ ಮಾಡುವ ಕಾರ್ಖಾನೆ. ತೊಂಬತ್ತು ವರ್ಷ ವಯಸ್ಸಿನ ಆಸುಪಾಸಿನಲ್ಲಿ ತಮ್ಮ ಮದುವೆಯ ಕಾಲದ, ಹೆಸರಿನ ಅಕ್ಷರ ಕಸೂತಿ ಮಾಡಿದ ಕೈವಸ್ತ್ರಗಳನ್ನೇ ಹಾಳೆ ಮಾಡಿಕೊಂಡು, ಹಳೇ ಬಟ್ಟೆ ಹೊಲಿದು ಬಟ್ಟೆಯ ಪುಸ್ತಕ ಮಾಡಿದರು. ಅಪ್ಪನ ಮೇಲಿನ ಸಿಟ್ಟನ್ನು ಜೀವನವಿಡೀ ಕಲೆಯಲ್ಲಿ ಹೇಳಿಕೊಂಡು ಬಂದರು, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಾಗಾಗಿ ನೇರ_ಮಾತು, ನಿಮ್ಮ ಕಡೆಗೂ ಒಬ್ಬರಿದ್ದಾರೆ. ಆದರೆ ಅವರು ಬಿಚ್ಚಿಟ್ಟದ್ದು ತಮ್ಮ ಗಾಯ, ತಮ್ಮ ಬಟ್ಟೆ.

ಝೆರಾಕ್ಸ್_ಅಂಗಡಿ (ದಾವಣಗೆರೆ)

ಎಲ್ಲರಿಗೂ ತುಂಬ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಅಂಗಡಿಯಲ್ಲಿ ಅರ್ಜಿ ಸೀಸನ್.

ಜಗಳೂರು ಅತ್ತೆ, ಅಮ್ಮ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ನೀವು ಊಹಿಸಿದ್ದರ ಹತ್ತಿರಹತ್ತಿರ ಇದೆ ಅಂತ ಮಾತ್ರ ಹೇಳುತ್ತೇನೆ. ಕುಚ್ಚು ಕಟ್ಟುವಾಗಲೇ ಕೇಳಿದೆ. ಸುಮಾರು ಹೊತ್ತು ಸುಮ್ನಿದ್ದು ಆಮೇಲೆ ಹೇಳಿದರು. ಹೇಳಿ ಮುಗಿಸಿ, "ಚೀಟಿ ಬೇಕೇ ಬೇಕು ಅಂದರೆ ಅಪ್ಪನ ಜೇಬೊಳಗೆ ಹಾಕಿ ಬಾಯಿ ಹೊಲಿದುಬಿಡು. ಹೊರಗೆ ಕಾಣಬಾರದು" ಅಂದರು. ನಾನು ಹೊಲಿದದ್ದು ನೋಡಿ, ಇದೇನು ಗೋಣಿಚೀಲ ಹೊಲಿದ ಹಾಗೆ ಅಂತ ಬಿಚ್ಚಿ, ತಾವೇ ಕೂತು ಫಾಲ್ ಹಾಕುವ ಸಣ್ಣ ಹೊಲಿಗೆಯಲ್ಲಿ ಹೊಲಿದರು. ದಾರ ಬಟ್ಟೆಯಲ್ಲಿ ಎಲ್ಲಿ ಹೋಯಿತೋ ಕಾಣುವುದಿಲ್ಲ. ಜೇಬು ಈಗ ಉಬ್ಬಿಕೊಂಡಿದೆ, ಒಳಗೇನಿದೆ ಗೊತ್ತಾಗಲ್ಲ. ಮೇಷ್ಟ್ರೇ, ನೋಡಿದವರು ಸಂಬಳದ ಕವರ್ ಅಂದುಕೊಂಡರೂ ಪರವಾಗಿಲ್ಲ ಅಲ್ವಾ? ಫಲಕದಲ್ಲಿ ಏನೂ ಬರೆಯುವುದಿಲ್ಲ ಅಂತ ಮಾಡಿದ್ದೇನೆ. ಹೆಸರು ಮಾತ್ರ ಇಬ್ಬರದ್ದೂ ಹಾಕಬೇಕು ಅಂತಿದ್ದೇನೆ, ಅದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ.

ಬಲಗಡೆ ಚೀಟಿಗಳಿದ್ದ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೀ ಕೌದಿ ಕಾಣುತ್ತದೆ, ಅಜ್ಜಿಯ ಹಳೇ ಇಳಕಲ್ ಸೀರೆಯ ಅಂಚಿನ ತುಂಡುಗಳಿವೆ. ಮೊದಲು ಅದನ್ನೇ ಮುಚ್ಚಿಬಿಟ್ಟಿದ್ದೆ. ಮೂಲೆ ನೋಡಿದೆ ಮೇಷ್ಟ್ರೇ, ಮೂರು ಮೂಲೆಯಲ್ಲಿ ಕೆಂಪು ಬಟ್ಟೆ ಮಡಚಿ ಹೊಲಿದಿದ್ದಾರೆ, ನಾಲ್ಕನೆಯದು ಇಲ್ಲ. ಬಿದ್ದುಹೋಯಿತೋ ಮೊದ್ಲಿಂದ ಇರಲಿಲ್ಲವೋ ದೊಡ್ಡಮ್ಮನಿಗೂ ನೆನಪಿಲ್ಲ. ಕೋರಾ ಬಟ್ಟೆ ಐಡಿಯಾ ಕೇಳಿ ದೊಡ್ಡಮ್ಮ ಸಮಾಧಾನ ಆಗಿದ್ದಾರೆ.

ಸ್ಪಿನ್ನಿಂಗ್ ಅಜ್ಜಾ, ಹತ್ತಿ ಇಟ್ಟೆ. ಅಪ್ಪನಿಗೆ ತೋರಿಸಿದಾಗ ಕೈಯಿಂದ ಎಳೆದು ನೋಡಿ, "ಇದು ಹಾಸಿಗೆ ಅಂಗಡಿ ಹತ್ತಿ, ಎಳೆ ಗಿಡ್ಡ. ನಮ್ಮಲ್ಲಿ ಬರುತ್ತಿದ್ದದ್ದು ಇದಲ್ಲ" ಅಂದರು. ಉದ್ದ ಎಳೆಯ ಹತ್ತಿ ಹುಡುಕುತ್ತಿದ್ದಾರೆ ಈಗ, ನನಗಿಂತ ಅವರಿಗೇ ಅವಸರ. ಡಾಕ್ಟರಿಗೆ ಗಿರಣಿ ವಿಷಯ ಮುಂದಿನ ಸಲ ಹೇಳುತ್ತೇವೆ.

ನೇರ_ಮಾತು (ದಾವಣಗೆರೆ)

ಜೇಬು ಚೆನ್ನಾಗಿದೆ. ಆದರೆ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ ಅಲ್ವಾ ಅಕ್ಕಾ, ಗಿರವಿ ಅಂಗಡಿ ಮುಂದೆ ಸೆರಗು ಹೊದ್ದ ಹಾಗೆಯೇ ಆಯಿತು. ನಾನು ಪೂರ್ತಿ ಒಪ್ಪಲ್ಲ. ನೋಡಕ್ಕಂತೂ ಬರ್ತೀನಿ, ಎಲ್ಲಿ ಯಾವಾಗ ಅಂತ ಇಲ್ಲೇ ಹಾಕಿ. ಎಕ್ಸ್‌ರೇ ಹಿಂದೆ ಲೈಟ್ ಹಾಕ್ತೀರಾ? ಇಲ್ಲ ಅಂದರೆ ಬರೀ ಕಪ್ಪಗೆ ಕಾಣುತ್ತದೆ.

ಫ್ರೇಮ್_ಕಟ್ಟುವವ (ಹರಿಹರ)

ಲೈಟ್ ವಿಷಯಕ್ಕೆ ಮತ್ತೆ ಬಂದೆ. ಬಲ್ಬ್ ಹಾಕಬೇಡಿ ತಾಯಿ, ಹಿಂದೆ ಹಿಂಜಿದ ಹತ್ತಿ ಇದೆ, ಸುತ್ತ ಹಳೇ ಕೌದಿ. ಬ್ಯಾಟರಿಯ ಎಲ್‌ಇಡಿ ಪಟ್ಟಿ ಸಾಕು, ಅದೂ ಹತ್ತಿಗೆ ತಾಗದ ಹಾಗೆ ತೆಳು ಅಕ್ರಿಲಿಕ್ ಹಾಳೆಯ ಹಿಂದೆ ಇರಲಿ, ಬ್ಯಾಟರಿ ಡಬ್ಬಿ ಕೌದಿಯಿಂದ ಹೊರಗಿರಲಿ. ನಮ್ಮ ಅಂಗಡಿಯಲ್ಲಿ ಅಕ್ರಿಲಿಕ್ ತುಂಡುಗಳು ಉಳಿದಿರುತ್ತವೆ. ಎಕ್ಸ್‌ರೇ ಅಳತೆ ಹಾಕಿ ಕಳಿಸಿ, ಕತ್ತರಿಸಿ ಇಟ್ಟಿರುತ್ತೇನೆ.